ತೂಕಕ್ಕೆ ನಿಲ್ಲದ ಹೊಗಳಿಕೆ

ನಮ್ಮ ಕೊಪ್ಪದಲ್ಲಿ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಹೇರಿಕೊಂಡು ಬಂದದ್ದು ಎತ್ತಿನಗಾಡಿಯಿರಲಿ, ಟ್ರಾಕ್ಟರಿರಲಿ, ಮೊದಲು ತೂಕಕ್ಕೆ ನಿಲ್ಲಬೇಕು. ರೈತ ತನ್ನ ಕಬ್ಬನ್ನು ಎಷ್ಟೇ ಹೊಗಳಿಕೊಳ್ಳಲಿ, ದುಡ್ಡು ಸಿಕ್ಕುವುದು ತೂಕದ ಚೀಟಿಯ ಮೇಲೆಯೇ. ಓಟದ ಪಂದ್ಯಗಳಲ್ಲಿ ಮಾತ್ರ ಈ ಪದ್ಧತಿಯಿಲ್ಲ. ಅಲ್ಲಿ ಮೈಕು ಹಿಡಿದವರು ಹೇಳಿದ್ದೇ ತೂಕ, ಅಭಿಮಾನಿಗಳು ಕೂಗಿದ್ದೇ ಬೆಲೆ!

2020ರ ಫೆಬ್ರುವರಿಯ ಗಲಾಟೆ ನಿಮಗೆ ನೆನಪಿರಬಹುದು. ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ಯುವಕ ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿದರು. ನೂರು ಮೀಟರಿಗೆ 9.55 ಸೆಕೆಂಡು ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ತೆಗೆದುಕೊಂಡದ್ದು 9.58. ಇನ್ನೇನು ಬೇಕು? 'ಬೋಲ್ಟನನ್ನು ಮೀರಿಸಿದ ಕನ್ನಡಿಗ' ಎಂದು ದೇಶವೇ ಕುಣಿಯಿತು. ಕೇಂದ್ರದ ಕ್ರೀಡಾ ಸಚಿವರು ಪರೀಕ್ಷೆಗೆ ಕರೆದರು. ಆ ಲೆಕ್ಕದಲ್ಲಿ ಓಟಗಾರನನ್ನು ಎಳೆದುಕೊಂಡು ಹೋದ ಕೋಣಗಳೇ ಇರಲಿಲ್ಲ! ಕಂಬಳವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಕೊನೆಗೆ ಹೇಳಿದವರು ಗೌಡರೇ. ಹೆಸರಿನಲ್ಲಿ ಕೋಣಗಳಿಗೂ ಪಾಲು ಕೊಟ್ಟರು. ಹೊಗಳಿದವರಿಗಿಲ್ಲದ ವಿವೇಕ ಹೊಗಳಿಸಿಕೊಂಡವರಿಗಿತ್ತು.

ಮೋಟಾರು ಓಟದಲ್ಲಿ ಕೋಣದ ಜಾಗಕ್ಕೆ ಎಂಜಿನ್ನು ಬಂದಿದೆ, ಅಷ್ಟೆ. ಮೆಕ್ಯಾನಿಕ್ಕು, ಟೈರು, ಹಣ ಹಾಕಿದ ಕಂಪನಿ ಎಲ್ಲವನ್ನೂ ಮರೆತು ಒಬ್ಬನನ್ನೇ ದೇವರ ಪೀಠಕ್ಕೆ ಏರಿಸುತ್ತಾರೆ. ಮುಂದಿನ ಓಟದಲ್ಲಿ ಅವನು ಸೋತರೆ ಬೈದು ಇಳಿಸುವವರೂ ಅವರೇ.

ನಿಜವಾದ ಸಾಧನೆಗೆ ಈ ಅಬ್ಬರದ ಹಂಗಿಲ್ಲ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರ ಡಕಾರ್ ರ‍್ಯಾಲಿಯಲ್ಲಿ 36ನೆಯವರಾಗಿ ಗುರಿ ಮುಟ್ಟಿದರು. ದಕ್ಷಿಣ ಅಮೆರಿಕದ ಮರುಭೂಮಿ, ಬೆಟ್ಟಗಳಲ್ಲಿ ಸುಮಾರು ಎರಡು ವಾರದ ಆ ಓಟವನ್ನು ಮುಗಿಸಿದ ಮೊದಲ ಭಾರತೀಯ ಅವರು. 36 ಎಂದರೇ ಸಾಕು, ಗೌರವ ಹುಟ್ಟುತ್ತದೆ. ಅದೇ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಜಾ ಬೈಕ್ ಓಟದ ವಿಶ್ವಕಪ್ಪಿನ ಮಹಿಳಾ ವಿಭಾಗವನ್ನು ಗೆದ್ದರು. 'ಸಿಂಹಿಣಿ' ಎಂದುಬಿಟ್ಟರೆ ಮುಗಿಯಿತೇ? ಹಿಂದಿನ ವರ್ಷ ಸ್ಪೇನಿನಲ್ಲಿ ಬಿದ್ದು, ಹೊಟ್ಟೆಯೊಳಗೆ ಪೆಟ್ಟಾಗಿ, ಆಮೇಲೆ ಮತ್ತೆ ಬೈಕು ಹತ್ತಿದ ಹುಡುಗಿ ಅವರು. ಆ ತಿಂಗಳುಗಳ ಕಥೆ ಯಾವ ಬಿರುದಿನೊಳಗೂ ಹಿಡಿಸದು.

ಆಟವೆಂದಮೇಲೆ ಕೂಗಾಟವಿರಬೇಡವೇ ಎನ್ನುವಿರಿ. ಇರಲಿ, ನನ್ನದೇನೂ ತಕರಾರಿಲ್ಲ. ಆದರೆ ಆ ಕೂಗನ್ನು ಕೇಳುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. 'ಸಾವಿಗೇ ಸವಾಲು' ಎಂಬ ಮಾತು ಕೇಳುತ್ತ ಬೆಳೆದ ಹುಡುಗ ಮದ್ದೂರಿನ ರಸ್ತೆಯಲ್ಲಿ ಹೆಲ್ಮೆಟ್ಟಿಲ್ಲದೆ ಮುಂದಿನ ಚಕ್ರ ಎತ್ತುತ್ತಾನೆ. ಸಂತೋಷ್ ಅವರು ಎಲ್ಲ ರಕ್ಷಣೆ ತೊಟ್ಟಿದ್ದರೂ 2021ರಲ್ಲಿ ಸೌದಿ ಅರೇಬಿಯದ ಓಟದಲ್ಲಿ ಬಿದ್ದು ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದರೆಂಬುದನ್ನು ಆ ಹುಡುಗನಿಗೆ ಯಾರು ಹೇಳಬೇಕು?

ತರಕಾರಿ ಕೊಳ್ಳುವಾಗ ತಕ್ಕಡಿಯ ಮುಳ್ಳು ನೋಡದೆ ಬಿಡುವ ಹೆಂಗಸರೇ ನಾವು? ಹಾಗಾದರೆ ಟೀವಿಯ ಮುಂದೆ ಕುಳಿತ ಮಕ್ಕಳಿಗೂ ಕೇಳಲು ಕಲಿಸೋಣ: ಎಷ್ಟು ದೂರ, ಎಷ್ಟು ಹೊತ್ತು, ಎಷ್ಟನೆಯ ಸ್ಥಾನ, ಯಾರ ನೆರವಿನಿಂದ? ಇಷ್ಟಕ್ಕೆ ಉತ್ತರ ಸಿಕ್ಕಮೇಲೆ ಚಪ್ಪಾಳೆ ಹೊಡೆಯಲಿ, ಬೇಕಾದಷ್ಟು ಜೋರಾಗಿ.