ಸೂಜಿ ಬೇಡದ ಶುಗರ್ ಗಡಿಯಾರ: ನಂಬೋದೆಷ್ಟು?

ಕುಕ್ಕುವಾಡ ಅಂದರೆ ದಾವಣಗೆರೆ ಸೀಮೆಗೆಲ್ಲ ಸಕ್ಕರೆ ಫ್ಯಾಕ್ಟರಿ ಊರು. ಆ ಕಡೆಯಿಂದ ಪೇಟೆಗೆ ಬರುವ ಬಸ್ಸಿನಲ್ಲಿ ಸಕ್ಕರೆ ಮಾತು ಬಂದರೆ ಈಗ ಕಬ್ಬಿನ ರೇಟಿಗೇ ಮುಗಿಯೋದಿಲ್ಲ. "ನಿಂದು ಊಟಕ್ಕೆ ಮುಂಚೆ ಎಷ್ಟು ಬಂತಪ್ಪ?" ಅನ್ನೋದೂ ಸೇರಿಕೊಂಡಿದೆ. ಬೆರಳು ಚುಚ್ಚಿಸಿಕೊಳ್ಳಲಿಕ್ಕೆ ಅಂತಲೇ ಖಾಲಿ ಹೊಟ್ಟೆಯಲ್ಲಿ ಬೆಳಗಿನ ಬಸ್ಸು ಹಿಡಿಯುವವರಿದ್ದಾರೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಹೇಳಿತು.

ಇಂಥವರ ಮೊಬೈಲಿಗೇ ಹುಡುಕಿಕೊಂಡು ಬರುತ್ತಿದೆ ಜಾಹೀರಾತು. ಗಡಿಯಾರ ಕಟ್ಟಿಕೊಳ್ಳಿ, ಸೂಜಿ ಇಲ್ಲ, ರಕ್ತ ಇಲ್ಲ, ಶುಗರ್ ಎಷ್ಟೆಂದು ಅದೇ ಹೇಳುತ್ತೆ! ದಿನಾ ಚುಚ್ಚಿಸಿಕೊಂಡು ಬೆರಳ ತುದಿ ಗಟ್ಟಿಯಾದವರಿಗೆ, ಸ್ಟ್ರಿಪ್ಪಿಗೆ ದುಡ್ಡು ಸುರಿದು ಸಾಕಾದವರಿಗೆ ಆಸೆ ಹುಟ್ಟದೆ ಇದ್ದೀತೆ?

ಹಂಗಂತ ವಿದ್ಯೆಯೇ ಸುಳ್ಳಲ್ಲ. ವಿಜ್ಞಾನಿಗಳು ಹಿಡಿದಿರುವ ಒಂದು ದಾರಿ ಮೈಕ್ರೋವೇವ್. ಅಡುಗೆಮನೆಯ ಮೈಕ್ರೋವೇವ್ ಒಲೆಯ ಜಾತಿಯದೇ ಅಲೆ, ಆದರೆ ಶಕ್ತಿ ತೀರಾ ಕಡಿಮೆ. ಬರೀ ನೀರಿನಲ್ಲಿ ಈ ಅಲೆ ಒಂದು ರೀತಿ ಹಾಯುತ್ತದೆ, ಸಕ್ಕರೆ ಕರಗಿದ ನೀರಿನಲ್ಲಿ ಕೊಂಚ ಬೇರೆ ರೀತಿ. ಚರ್ಮದೊಳಕ್ಕೆ ಹೋದ ಅಲೆಗೂ ಮರಳಿ ಬಂದ ಅಲೆಗೂ ಇರುವ ವ್ಯತ್ಯಾಸ ಹಿಡಿದು ಲೆಕ್ಕ ಹಾಕಬೇಕು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು ಪುಟ್ಟ ರಾಡಾರ್ ಚಿಪ್ ಇಟ್ಟುಕೊಂಡು ಇದನ್ನೇ ಮಾಡಲು ಹೊರಟಿದ್ದಾರೆ.

ಕಷ್ಟ ಇರೋದು ಆ 'ಕೊಂಚ'ದಲ್ಲಿ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ಶುಗರ್ 100 ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ. ಇಡೀ ರಕ್ತಕ್ಕೆ ಲೆಕ್ಕ ಹಾಕಿದರೆ 5 ಗ್ರಾಂ, ಒಂದು ಟೀ ಚಮಚ! ಹೋಟೆಲಿನ ಒಂದು ಲೋಟ ಚಹಾಕ್ಕೂ ಸಾಲದು. 100 ಇದ್ದದ್ದು 150 ಆಯಿತು ಅಂದರೆ ಅರ್ಧ ಚಮಚ ಹೆಚ್ಚಾಯಿತು ಅಷ್ಟೆ. ಆದರೆ ಬಿಸಿಲಲ್ಲಿ ಬೆವರಿದರೂ, ಮೈ ಬಿಸಿಯಾದರೂ, ನೀರು ಕುಡಿಯದೆ ಮೈ ಒಣಗಿದರೂ, ಗಡಿಯಾರದ ಪಟ್ಟಿ ಸಡಿಲಾದರೂ ಅಲೆ ಬದಲಾಗುತ್ತದೆ. ಅರ್ಧ ಚಮಚ ಸಕ್ಕರೆ ಯಾವುದು, ಏಪ್ರಿಲ್ ತಿಂಗಳ ಬೆವರು ಯಾವುದು ಅಂತ ಬೇರ್ಪಡಿಸೋದೇ ಯಕ್ಷಪ್ರಶ್ನೆ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಮೈಕ್ರೋವೇವ್ ಬಿಟ್ಟು ಲೇಸರ್ ಬೆಳಕಿನ ದಾರಿ ಹಿಡಿದಿದೆ. ಬೆಳಕು ಬಿದ್ದಾಗ ಚರ್ಮದೊಳಗೆ ಏಳುವ ಸೂಕ್ಷ್ಮ ಶಬ್ದವನ್ನು ಕೇಳಿ ಸಕ್ಕರೆ ಅಳೆಯುವ ಉಪಾಯ ಅದು. ಆರೋಗ್ಯವಂತ ಒಬ್ಬರನ್ನು ಮೂರು ದಿನ ಊಟಕ್ಕೆ ಮುಂಚೆ, ಊಟವಾದ ಮೇಲೆ ಪರೀಕ್ಷಿಸಿದ್ದಾರೆ. ಒಬ್ಬರನ್ನು, ಮೂರು ದಿನ! ಲೇಸರ್ ದುಬಾರಿ, ಗಾತ್ರವೂ ದೊಡ್ಡದು ಅಂತ ಅವರೇ ಒಪ್ಪಿಕೊಂಡಿದ್ದಾರೆ. ಕಲಿತವರು ಇಷ್ಟು ಅಳೆದು ತೂಗಿ ಮಾತಾಡುವಾಗ ಅಗ್ಗದ ಗಡಿಯಾರ ಮಾತ್ರ ಎದೆ ತಟ್ಟಿಕೊಂಡು 126, 143 ಅಂತ ಒದರುತ್ತದೆ.

ಹಿಂದೆಯೂ ಇಂಥದೊಂದು ಬಂದಿತ್ತು. ಅಮೆರಿಕದಲ್ಲಿ 2001ರಲ್ಲಿ ಒಪ್ಪಿಗೆ ಪಡೆದ 'ಗ್ಲೂಕೋವಾಚ್' ಕಿರು ವಿದ್ಯುತ್ತಿನಿಂದ ಚರ್ಮದ ದ್ರವ ಎಳೆದು ಅಳೆಯುತ್ತಿತ್ತು. ಚರ್ಮ ಕೆಂಪಾಗಿ ಉರಿಯುತ್ತಿತ್ತು. ತಮಾಷೆ ಏನೆಂದರೆ, ಅದನ್ನು ಸರಿಹೊಂದಿಸಲಿಕ್ಕೂ ಬೆರಳು ಚುಚ್ಚಲೇಬೇಕಿತ್ತು. ಮಾರುಕಟ್ಟೆಯಲ್ಲಿ ಬಹಳ ವರ್ಷ ಬಾಳಲಿಲ್ಲ.

ಅದೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಖಡಾಖಂಡಿತವಾಗಿ ಹೇಳಿತು: ಚರ್ಮ ಚುಚ್ಚದೆ ತಾನೇ ಶುಗರ್ ಅಳೆಯುವ ಯಾವ ಗಡಿಯಾರಕ್ಕೂ, ಉಂಗುರಕ್ಕೂ ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ. ತೋಳಿಗೆ ಅಂಟಿಸಿಕೊಳ್ಳುವ ಬಿಲ್ಲೆಯ ಮಾತು ಬೇರೆ. ಅದರಲ್ಲಿ ಕೂದಲೆಳೆಯಂಥ ತಂತಿ ಚರ್ಮದೊಳಗೆ ಇರುತ್ತದೆ.

ಲೆಕ್ಕ ತಪ್ಪಿದರೆ ಏನು ಮಹಾ ಅನ್ನುವ ಹಾಗಿಲ್ಲ. ನಿಜವಾಗಿ 90 ಇದ್ದವರಿಗೆ ಗಡಿಯಾರ 250 ತೋರಿಸಿ, ಅವರು ಇನ್ಸುಲಿನ್ ಏರಿಸಿಕೊಂಡರೆ ಕೈ ನಡುಕ, ಬೆವರು, ಎಚ್ಚರ ತಪ್ಪುವುದು, ಜೀವಕ್ಕೇ ಅಪಾಯ. ಹೆಚ್ಚಿದ್ದದ್ದನ್ನು ಕಡಿಮೆ ಅಂತ ತೋರಿಸಿದರೆ ಕಣ್ಣು, ಕಿಡ್ನಿ ಸದ್ದಿಲ್ಲದೆ ಸವೆಯುತ್ತವೆ.

ಇಂಥ ಎಷ್ಟೋ ಡಬ್ಬಿಗಳ ಮುಂದುಗಡೆ 'ಶುಗರ್ ನೋಡುತ್ತೆ' ಅಂತ ದಪ್ಪ ಅಕ್ಷರ, ಹಿಂದುಗಡೆ 'ಇದು ವೈದ್ಯಕೀಯ ಸಾಧನವಲ್ಲ' ಅಂತ ಇರುವೆ ಅಕ್ಷರ. 2020ರ ಏಪ್ರಿಲ್‌ನಿಂದ ದೇಶದ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾನೂನಿನಡಿ ಬಂದಿವೆ. ಆ ಇರುವೆ ಅಕ್ಷರದ ಮರೆಯಲ್ಲಿ ಗಡಿಯಾರ ಮಾತ್ರ ನುಣುಚಿಕೊಳ್ಳುತ್ತಿದೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಡಬ್ಬಿ ತಿರುಗಿಸಿ ನೋಡಿ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಶುಗರ್ ಪರೀಕ್ಷೆ ಪುಕ್ಕಟೆ. ಚುಚ್ಚುತ್ತಾರೆ, ಅದೊಂದು ಇದೆ.