ಮನೆವಾರ್ತೆ: ಹಳೆಯ ಟೀವಿಯ ಸ್ಥಾನದಲ್ಲಿ ಹೊಸದು

ಸಂಸಾರಕ್ಕೆ ಬೇಕಾದ ವಸ್ತುಗಳಲ್ಲಿ ಎರಡು ಬಗೆಯುಂಟು. ಕನ್ನಡಕ, ಪಾದರಕ್ಷೆ, ಊರುಗೋಲು ಮುಂತಾದುವು ಒಬ್ಬೊಬ್ಬರಿಗೆ ಸೇರಿದುವು. ಅವನ್ನು ಧರಿಸುವವರ ಅಳತೆಗೆ ಸರಿಯಾಗಿ ಆರಿಸುತ್ತೇವೆ. ದೀಪ, ಮೆಟ್ಟಿಲು, ಬಚ್ಚಲಿನ ನಲ್ಲಿ ಮುಂತಾದುವು ಎಲ್ಲರಿಗೂ ಸೇರಿದುವು. ಇವುಗಳಿಗೆ ಯಾರ ಅಳತೆಯನ್ನು ಹಿಡಿಯಬೇಕು? ಹಾರಿ ಹತ್ತುವ ಹುಡುಗನ ಕಾಲನ್ನು ನೋಡಿ ಮೆಟ್ಟಿಲನ್ನು ಕಟ್ಟಿಸಿದರೆ ಅಜ್ಜಿಯು ಕೆಳಗೇ ಉಳಿಯಬೇಕಾಗುವುದು. ಅಜ್ಜಿಯ ಕಾಲಿಗೆ ತಕ್ಕಂತೆ ಕಟ್ಟಿಸಿದರೆ ಹುಡುಗನಿಗೇನೂ ನಷ್ಟವಿಲ್ಲ. ಟೀವಿಯು ಈ ಎರಡನೆಯ ಬಗೆಗೆ ಸೇರಿದ ವಸ್ತು. ಆದಕಾರಣ ಅದನ್ನು ಆರಿಸುವಾಗ, ಮನೆಯವರಲ್ಲಿ ಯಾರ ಕಣ್ಣು ಕಿವಿಗಳು ದುರ್ಬಲವೋ ಅವರನ್ನೇ ಪ್ರಮಾಣವಾಗಿಟ್ಟುಕೊಳ್ಳಬೇಕೆಂಬುದು ಈ ತಿಂಗಳ ನಮ್ಮ ವಿಜ್ಞಾಪನೆ. ವ್ಯವಹಾರದಲ್ಲಿ ಇದಕ್ಕೆ ವಿರುದ್ಧವಾಗಿಯೇ ನಡೆಯುವುದುಂಟು: ಅಂಗಡಿಯವನ ಮಾತು ಮೊದಲು, ತರುಣರ ಅಭಿಲಾಷೆ ಆಮೇಲೆ, ದಿನವೂ ಅದರ ಮುಂದೆ ಕುಳಿತುಕೊಳ್ಳುವ ವೃದ್ಧರ ಅನುಕೂಲ ಕಟ್ಟಕಡೆಗೆ.

ಹೊಸದನ್ನು ಕೊಳ್ಳುವುದಕ್ಕೆ ಮುಂಚೆ ಹಳೆಯದು ನಿಜವಾಗಿಯೂ ತೀರಿತೆ ಎಂಬುದನ್ನು ವಿಚಾರಿಸತಕ್ಕದ್ದು. ಸಂಸ್ಕೃತದಲ್ಲಿ ಸೂಚೀಕಟಾಹನ್ಯಾಯವೆಂದು ಒಂದುಂಟು. ಕಮ್ಮಾರನ ಬಳಿಗೆ ಒಬ್ಬನು ಕೊಪ್ಪರಿಗೆಗೂ ಮತ್ತೊಬ್ಬನು ಸೂಜಿಗೂ ಬಂದರೆ, ಅವನು ಸೂಜಿಯನ್ನು ಮೊದಲು ಮಾಡಿಕೊಟ್ಟು ಆಮೇಲೆ ಕೊಪ್ಪರಿಗೆಗೆ ಕೈಹಾಕುತ್ತಾನೆ. ಸಣ್ಣ ಕೆಲಸದಿಂದ ತೀರುವುದನ್ನು ಮೊದಲು ನೋಡು ಎಂಬುದು ಇಲ್ಲಿ ನಾವು ಗ್ರಹಿಸಬೇಕಾದ ಅರ್ಥ. ಟೀವಿಯಲ್ಲಿ ಬೆಳಕೂ ಇಲ್ಲ ಶಬ್ದವೂ ಇಲ್ಲ ಎಂದಾದರೆ ಗೋಡೆಯ ಪ್ಲಗ್ಗು, ತಂತಿ, ಸ್ಟೆಬಿಲೈಸರ್ ಇವನ್ನು ಮೊದಲು ನೋಡಬೇಕು. ಅವು ಸರಿಯಾಗಿದ್ದರೆ ದೋಷವು ಸಾಮಾನ್ಯವಾಗಿ ಒಳಗಿನ ವಿದ್ಯುತ್ ಹಲಗೆಯಲ್ಲಿರುವುದು. ಅಲ್ಲಿ ಕೆಪಾಸಿಟರೆಂಬ ಸಣ್ಣ ಡಬ್ಬಿಗಳ ತಲೆ ಉಬ್ಬಿಕೊಂಡಿದ್ದರೆ ಅವನ್ನು ಬದಲಾಯಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. ಶಬ್ದವಿದ್ದು ಚಿತ್ರ ಮಾತ್ರ ಕಪ್ಪಾಗಿದ್ದರೆ, ಕೋಣೆಯನ್ನು ಕತ್ತಲೆ ಮಾಡಿ ತೆರೆಯ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಬೇಕು. ಚಿತ್ರದ ಛಾಯೆ ಮಸುಕಾಗಿ ಕಂಡರೆ ತೆರೆಯು ಜೀವಂತವಾಗಿದೆ, ಹಿಂದಿನ ದೀಪಗಳು ಮಾತ್ರ ಆರಿವೆ ಎಂದು ತಿಳಿಯಬಹುದು. ಇದನ್ನೂ ರಿಪೇರಿ ಮಾಡಿಸಬಹುದು. ಸೆಟ್ ಟಾಪ್ ಬಾಕ್ಸಿನಿಂದ ಬರುವ ಚಿತ್ರ ಮಾತ್ರ ಕೆಟ್ಟಿದ್ದು ಬೇರೆ ಮೂಲದ ಚಿತ್ರ ಚೆನ್ನಾಗಿದ್ದರೆ ತಪ್ಪು ಟೀವಿಯದಲ್ಲ. ತೆರೆಯೇ ಒಡೆದಿದ್ದರೆ ಅಥವಾ ಮೇಲಿನಿಂದ ಕೆಳಕ್ಕೆ ಬಣ್ಣದ ಗೆರೆಗಳು ಶಾಶ್ವತವಾಗಿ ನಿಂತಿದ್ದರೆ ಮಾತ್ರ, ತೆರೆಯ ಬೆಲೆಯು ಬಹುಮಟ್ಟಿಗೆ ಹೊಸ ಟೀವಿಯ ಬೆಲೆಯ ಸಮೀಪಕ್ಕೆ ಹೋಗುವುದರಿಂದ, ಅದಕ್ಕೆ ಬೀಳ್ಕೊಡುಗೆ ಕೊಡುವುದೇ ಲೇಸು. ಒಂದು ಎಚ್ಚರಿಕೆ: ಹಿಂಬದಿಯ ಮುಚ್ಚಳವನ್ನು ಮನೆಯವರು ತೆಗೆಯಕೂಡದು. ಪ್ಲಗ್ಗನ್ನು ಕಿತ್ತಮೇಲೆಯೂ ಒಳಗೆ ವಿದ್ಯುತ್ತು ಸಂಗ್ರಹವಾಗಿ ನಿಂತಿರುತ್ತದೆ.

ಕೊಳ್ಳಲೇಬೇಕೆಂದು ನಿಶ್ಚಯವಾದ ಮೇಲೆ ಹೆಸರುಗಳ ಗೊಂದಲವು ಎದುರಾಗುತ್ತದೆ. ನಮ್ಮ ದೇಶದಲ್ಲಿ ದೂರದರ್ಶನವು ೧೯೫೯ರಲ್ಲಿ ದೆಹಲಿಯಲ್ಲಿ ಪ್ರಯೋಗರೂಪವಾಗಿ ಆರಂಭವಾಯಿತು; ಬೆಂಗಳೂರಿನ ಕೇಂದ್ರವು ೧೯೮೧ರಲ್ಲಿ ಬಂದಿತು; ಮರುವರ್ಷ ಏಷ್ಯನ್ ಕ್ರೀಡೆಗಳ ಕಾಲಕ್ಕೆ ಬಣ್ಣವೂ ಬಂದಿತು. ಆಗ ಕೊಳ್ಳುವವನು ಕೇಳಬೇಕಾಗಿದ್ದ ಪ್ರಶ್ನೆಗಳು ಎರಡೋ ಮೂರೋ. ಈಗ ಎಲ್.ಸಿ.ಡಿ., ಎಲ್.ಇ.ಡಿ., ಕ್ಯೂ.ಎಲ್.ಇ.ಡಿ., ಓ.ಎಲ್.ಇ.ಡಿ. ಎಂದು ಅಷ್ಟೋತ್ತರವನ್ನೇ ಪಠಿಸುತ್ತಾರೆ. ಇವುಗಳಲ್ಲಿ ಮೊದಲಿನ ಮೂರೂ ಒಂದೇ ಗೋತ್ರದವು: ಮುಂದೆ ದ್ರವಸ್ಫಟಿಕದ ಪದರ, ಹಿಂದೆ ದೀಪ. ಆ ದೀಪಕ್ಕೆ ಎಲ್.ಇ.ಡಿ.ಯನ್ನು ಹಾಕಿದಾಗ ಒಂದು ಹೆಸರು, ಬಣ್ಣವನ್ನು ಶುದ್ಧಿಗೊಳಿಸುವ ಮತ್ತೊಂದು ಪದರವನ್ನು ಸೇರಿಸಿದಾಗ ಇನ್ನೊಂದು ಹೆಸರು. ನಾಲ್ಕನೆಯದು ಮಾತ್ರ ಬೇರೆ. ಅದರಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ. ಕಪ್ಪು ಅದರಲ್ಲಿ ನಿಜವಾದ ಕಪ್ಪು. ಚಿತ್ರವು ಅತಿ ರಮ್ಯ. ಆದರೆ ಒಂದೇ ವಾರ್ತಾವಾಹಿನಿಯನ್ನು ಬೆಳಗಿನಿಂದ ರಾತ್ರಿಯವರೆಗೆ ಹಾಕಿಡುವ ಮನೆಯಲ್ಲಿ ಆ ವಾಹಿನಿಯ ಚಿಹ್ನೆಯು ಕಾಲಕ್ರಮದಲ್ಲಿ ತೆರೆಯ ಮೇಲೆ ಕಲೆಯಾಗಿ ನಿಲ್ಲುವ ಸಂಭವವುಂಟು. ಬೆಲೆಯೂ ಹೆಚ್ಚು.

ಇನ್ನು ಅಳತೆ. ಅಂಗಡಿಯಲ್ಲಿ ಹೇಳುವ ಅಂಗುಲವು ತೆರೆಯ ಕರ್ಣದ್ದು, ಅಗಲದ್ದಲ್ಲ. ೪೩ ಅಂಗುಲದ ತೆರೆಯ ಅಗಲ ಸುಮಾರು ೩೭½, ಎತ್ತರ ೨೧ ಅಂಗುಲ. ೫೫ರದರ ಅಗಲ ೪೮, ಎತ್ತರ ೨೭. ಗೋಡೆಯಿಂದ ಕುರ್ಚಿಯವರೆಗಿನ ದೂರವು ಕರ್ಣದ ಒಂದೂವರೆಯಿಂದ ಎರಡೂವರೆ ಪಾಲಿನೊಳಗೆ ಇದ್ದರೆ ಕಣ್ಣಿಗೆ ಹಿತ. ಈ ಲೆಕ್ಕದಲ್ಲಿ ೩೨ಕ್ಕೆ ನಾಲ್ಕರಿಂದ ಆರೂವರೆ ಅಡಿ, ೪೩ಕ್ಕೆ ಐದೂವರೆಯಿಂದ ಒಂಬತ್ತು ಅಡಿ, ೫೫ಕ್ಕೆ ಏಳರಿಂದ ಹನ್ನೊಂದೂವರೆ ಅಡಿ. ಕಾಗದದ ಮೇಲಿನ ಈ ಲೆಕ್ಕವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯ ವೃತ್ತಪತ್ರಿಕೆಯ ಹಾಳೆಗಳನ್ನು ಜೋಡಿಸಿ ಆ ಅಳತೆಗೆ ಕತ್ತರಿಸಿ ಗೋಡೆಗೆ ಅಂಟಿಸಿ, ಎರಡು ದಿನ ಹಾಗೆಯೇ ಬಿಡಬೇಕು. ಕುಳಿತವರ ಕಣ್ಣಿನ ಮಟ್ಟಕ್ಕೆ ತೆರೆಯ ನಡುಭಾಗವು ಬರಬೇಕು; ದೇವರ ಪಟದಂತೆ ಮೇಲಕ್ಕೆ ತೂಗುಹಾಕಿದರೆ ಕತ್ತು ನೋಯುವುದು. ಎದುರಿಗೆ ಕಿಟಕಿಯಿದ್ದರೆ ಹಗಲಿನಲ್ಲಿ ತೆರೆಯು ಕನ್ನಡಿಯಾಗುವುದೆಂಬುದನ್ನೂ ಆಗಲೇ ಗಮನಿಸಬಹುದು.

ಅಳತೆಯ ಬೆನ್ನಿಗೆ ಚುಕ್ಕೆಗಳ ಪ್ರಶ್ನೆ ಬರುತ್ತದೆ. ಫುಲ್ ಎಚ್.ಡಿ. ಎಂಬುದರಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಚುಕ್ಕೆಗಳು. ಫೋರ್ ಕೆ ಎಂಬುದರಲ್ಲಿ ೩೮೪೦ ಮತ್ತು ೨೧೬೦, ಎಂದರೆ ಒಟ್ಟಿನಲ್ಲಿ ನಾಲ್ಕರಷ್ಟು. ಸಾಮಾನ್ಯವಾದ ಒಳ್ಳೆಯ ಕಣ್ಣು ೪೩ ಅಂಗುಲದ ಫುಲ್ ಎಚ್.ಡಿ. ತೆರೆಯ ಚುಕ್ಕೆಗಳನ್ನು ಬಿಡಿಬಿಡಿಯಾಗಿ ಕಾಣಬಲ್ಲುದು ಐದೂವರೆ ಅಡಿಯ ಒಳಗೆ ಮಾತ್ರ. ಎಂಟು ಅಡಿಯಲ್ಲಿ ಕುಳಿತವರಿಗೆ, ಅದರಲ್ಲಿಯೂ ಪೊರೆ ಬರುತ್ತಿರುವ ಕಣ್ಣಿನವರಿಗೆ, ಎರಡಕ್ಕೂ ಭೇದವೇ ತಿಳಿಯದು. ಮತ್ತೊಂದು ಅಂಶವುಂಟು. ಎಚ್.ಡಿ. ಅಲ್ಲದ ಸಾಧಾರಣ ವಾಹಿನಿಯು ಕಳುಹಿಸುವುದು ೭೨೦ಕ್ಕೆ ೫೭೬ ಚುಕ್ಕೆಗಳ ಚಿತ್ರವನ್ನು. ಫೋರ್ ಕೆ ತೆರೆಯಲ್ಲಿರುವ ಚುಕ್ಕೆಗಳು ಇದರ ಸರಿಯಾಗಿ ಇಪ್ಪತ್ತರಷ್ಟು. ಒಂದು ಸೇರು ಹಿಟ್ಟನ್ನು ಇಪ್ಪತ್ತು ಸೇರಿನ ಪಾತ್ರೆಗೆ ಹರಡಿದಂತೆ, ಆ ಚಿತ್ರವು ದೊಡ್ಡ ತೆರೆಯ ಮೇಲೆ ತೆಳುವಾಗಿ ಮಸುಕಾಗುತ್ತದೆ. ಹೆಚ್ಚಾಗಿ ಸಾಧಾರಣ ವಾಹಿನಿಗಳನ್ನೇ ನೋಡುವ ಮನೆಗೆ, ಎಂಟು ಅಡಿಯ ದೂರಕ್ಕೆ, ೪೩ ಅಂಗುಲವೇ ಯುಕ್ತವಾದುದು. ಅದಕ್ಕಿಂತ ದೊಡ್ಡದು ಗೋಡೆಗೆ ಭೂಷಣವಾದೀತೇ ಹೊರತು ಕಣ್ಣಿಗೆ ಉಪಕಾರವಾಗದು.

ಅಂಗಡಿಯಲ್ಲಿ ನೋಡಿ ನಿರ್ಧರಿಸೋಣವೆಂದರೆ ಅಲ್ಲಿ ಪ್ರತ್ಯಕ್ಷ ಪ್ರಮಾಣವೇ ಮೋಸಹೋಗುವುದು. ಅನ್ನ ಬೆಂದಿತೆ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡುವುದು ಸ್ಥಾಲೀಪುಲಾಕನ್ಯಾಯ. ಆದರೆ ಅಡಿಗೆಯವನೇ ಬೆಂದ ಅಗುಳೊಂದನ್ನು ಆರಿಸಿ ಅಂಗೈಗಿಟ್ಟರೆ ನ್ಯಾಯಕ್ಕೆ ಬೆಲೆಯೆಲ್ಲಿ? ಮಳಿಗೆಯಲ್ಲಿ ಓಡಿಸುವುದು ಅದಕ್ಕೆಂದೇ ಚಿತ್ರಿಸಿದ ಹೂವು, ಗಿಳಿ, ಜಲಪಾತಗಳನ್ನು. ಬೆಳಕನ್ನೂ ಬಣ್ಣವನ್ನೂ ಮನೆಗೆ ಬೇಕಾದುದಕ್ಕಿಂತ ಬಹಳ ಏರಿಸಿರುತ್ತಾರೆ. ಆದುದರಿಂದ ಬಣ್ಣವನ್ನು ಸಾಧಾರಣ ಸ್ಥಿತಿಗೆ ಇಳಿಸಹೇಳಿ, ನೀವು ನಿತ್ಯ ನೋಡುವ ವಾಹಿನಿಯನ್ನೇ ಹಾಕಿಸಿ. ಮನೆಯ ಮದುವೆಯ ಚಿತ್ರಗಳನ್ನು ಪೆನ್ ಡ್ರೈವಿನಲ್ಲಿ ಒಯ್ದು ತೋರಿಸಹೇಳಿ. ನಿಮ್ಮವರ ಮೈಬಣ್ಣ ನಿಮಗೆ ಗೊತ್ತು. ಎಂಟು ಅಡಿ ಅಳೆದು ಹಿಂದೆ ನಿಂತು ಕೆಳಗೆ ಓಡುವ ಅಕ್ಷರಗಳನ್ನು ಓದಿ. ಪಕ್ಕಕ್ಕೆ ಸರಿದೂ ನೋಡಿ. ಕೆಲವು ತೆರೆಗಳಲ್ಲಿ ಪಕ್ಕದಿಂದ ಬಣ್ಣವು ಬಿಳಿಚಿಕೊಳ್ಳುವುದು, ಮನೆಯಲ್ಲಿ ಎಲ್ಲರೂ ನಟ್ಟನಡುವೆ ಕುಳಿತುಕೊಳ್ಳುವುದಿಲ್ಲ.

ಕಣ್ಣಿನ ವಿಷಯ ಇಷ್ಟಾದರೆ ಕಿವಿಯ ವಿಷಯವನ್ನು ಕೇಳುವವರೇ ಇಲ್ಲ. ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಟೀವಿ ಕೆಟ್ಟು, ತಂದೆಮಕ್ಕಳಲ್ಲಿ ೫೫ ಅಂಗುಲವೋ ೬೫ ಅಂಗುಲವೋ ಎಂಬ ಚರ್ಚೆ ಮೂರು ವಾರ ನಡೆಯಿತು. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ. ಹಳೆಯ ಟೀವಿಯಿದ್ದಾಗಲೇ ಆಕೆ ಸಂಜೆ ಅದರ ಮುಂದಿನಿಂದ ಎದ್ದುಹೋಗಿ ಒಳಕೋಣೆಯಲ್ಲಿ ಒಬ್ಬರೇ ಕೂರುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ವಯಸ್ಸಾದುದರಿಂದ ಆಸಕ್ತಿ ಹೋಯಿತೆಂದು ಎಲ್ಲರೂ ತಿಳಿದಿದ್ದರು. ಚರ್ಚೆಯ ನಡುವೆ ಸೊಸೆಯು, “ಅತ್ತೆ, ನಿಮಗೆ ಎಂಥದು ಬೇಕು, ಹೇಳಿ” ಎಂದು ಕೇಳಿದರು. ಅಜ್ಜಿ, “ಚಿತ್ರವೇನೋ ಕಾಣುತ್ತಮ್ಮ, ಮಾತೇ ತಿಳಿಯೋದಿಲ್ಲ. ಜೋರು ಮಾಡಿ ಅಂದರೆ ಮಕ್ಕಳ ಓದಿಗೆ ತೊಂದರೆ. ಅದಕ್ಕೇ ಎದ್ದುಹೋಗ್ತೀನಿ” ಎಂದರು. ಮೂರು ವಾರದ ವಾದವನ್ನೆಲ್ಲ ಈ ಮಾತು ನಿಲ್ಲಿಸಿತು. ತೆರೆ ತೆಳ್ಳಗಾದಂತೆಲ್ಲ ಒಳಗಿನ ಸ್ಪೀಕರು ಸಣ್ಣದಾಗುತ್ತ, ಬಹುಪಾಲು ಟೀವಿಗಳಲ್ಲಿ ನೆಲದ ಕಡೆಗೋ ಗೋಡೆಯ ಕಡೆಗೋ ಮುಖಮಾಡಿ ಕುಳಿತಿರುತ್ತದೆ. ಮಾತಿನ ವ್ಯಂಜನಗಳು ಮುದಿ ಕಿವಿಗೆ ಸ್ಫುಟವಾಗಿ ತಲುಪುವುದಿಲ್ಲ. ಆ ಮನೆಯವರು ೪೩ ಅಂಗುಲಕ್ಕೆ ತೃಪ್ತರಾಗಿ, ಉಳಿದ ಹಣದಲ್ಲಿ ಪ್ರತ್ಯೇಕವಾದೊಂದು ಸ್ಪೀಕರನ್ನು ಕೊಂಡು ಅಜ್ಜಿಯ ಕುರ್ಚಿಯ ಪಕ್ಕದಲ್ಲಿಟ್ಟರು. ಅಜ್ಜಿ ಈಗ ಎದ್ದುಹೋಗುವುದಿಲ್ಲ. ಕೊಳ್ಳುವ ಟೀವಿಗೆ ಹೊರಗಿನ ಸ್ಪೀಕರನ್ನಾಗಲಿ ಕಿವಿಗೆ ಹಾಕುವ ಹೆಡ್‌ಫೋನನ್ನಾಗಲಿ ಜೋಡಿಸುವ ಸೌಕರ್ಯವಿದೆಯೇ ಎಂದು ತಪ್ಪದೆ ಕೇಳಬೇಕು. ರಿಮೋಟನ್ನೂ ಕೈಯಲ್ಲಿ ಹಿಡಿದು ನೋಡಬೇಕು; ಈಚಿನ ಹಲವಕ್ಕೆ ಅಂಕೆಗಳ ಗುಂಡಿಗಳೇ ಇಲ್ಲ. ಚಂದನ ವಾಹಿನಿಯನ್ನು ಸಂಖ್ಯೆಯಿಂದ ನೆನಪಿಟ್ಟುಕೊಂಡಿರುವ ಹಿರಿಯರಿಗೆ ಇದು ಸಣ್ಣ ಕಷ್ಟವಲ್ಲ.

‘ಸ್ಮಾರ್ಟ್’ ಎಂಬ ವಿಶೇಷಣವನ್ನು ಕುರಿತು ಎರಡು ಮಾತು. ಟೀವಿಯ ತೆರೆಯು ಹತ್ತು ವರ್ಷ ಬಾಳಬಹುದು. ಅದರೊಳಗಿನ ತಂತ್ರಾಂಶವನ್ನು ತಯಾರಕರು ಅಷ್ಟು ಕಾಲ ಪೋಷಿಸುತ್ತಾರೆಂಬ ಭರವಸೆಯಿಲ್ಲ. ಪೋಷಣೆ ನಿಂತಾಗ ಒಂದೊಂದೇ ಆ್ಯಪ್ ಕೆಲಸ ನಿಲ್ಲಿಸುವುದು. ಆಗ ಟೀವಿಯನ್ನೇ ಎಸೆಯಬೇಕಾಗಿಲ್ಲ. ಹಿಂದೆ ಸಿಕ್ಕಿಸುವ ಸಣ್ಣ ಕಡ್ಡಿಯೊಂದು ಆ ಕೆಲಸವನ್ನು ಮಾಡುತ್ತದೆ. ಬುದ್ಧಿಯನ್ನು ಹೊರಗಿನಿಂದ ತರಬಹುದು, ಕಣ್ಣನ್ನು ತರಲಾಗದು. ಆದಕಾರಣ ಹಣವನ್ನು ತೆರೆಗೂ ಶಬ್ದಕ್ಕೂ ಹಾಕುವುದು ಜಾಣತನ. ಇಂಥ ಟೀವಿಯು ನಾವು ಏನನ್ನು ನೋಡುತ್ತೇವೆಂಬುದನ್ನು ತಾನೂ ನೋಡುತ್ತಿರಬಹುದು. ಅಮೆರಿಕದಲ್ಲಿ ೨೦೧೭ರಲ್ಲಿ ವಿಜಿಯೊ ಎಂಬ ಸಂಸ್ಥೆಯು ಅನುಮತಿಯಿಲ್ಲದೆ ಈ ಮಾಹಿತಿಯನ್ನು ಸಂಗ್ರಹಿಸಿತೆಂಬ ಆಪಾದನೆಯು ೨೨ ಲಕ್ಷ ಡಾಲರುಗಳ ತೆರಿಕೆಯಿಂದ ಇತ್ಯರ್ಥವಾಯಿತು. ಮೊದಲ ದಿನ ಟೀವಿಯನ್ನು ಸಿದ್ಧಪಡಿಸುವಾಗ ಕೇಳುವ ಅನುಮತಿಗಳಿಗೆಲ್ಲ ಓದದೆ ಒಪ್ಪಿಗೆ ಕೊಡಬೇಡಿ.

ಖರ್ಚಿನ ಲೆಕ್ಕವು ಅಂಗಡಿಯಲ್ಲಿಯೇ ಮುಗಿಯುವುದಿಲ್ಲ. ನೂರು ವಾಟಿನ ಟೀವಿಯನ್ನು ದಿನಕ್ಕೆ ಐದು ಗಂಟೆ ಹಾಕಿದರೆ ವರ್ಷಕ್ಕೆ ಸುಮಾರು ೧೮೨ ಯೂನಿಟ್ ವಿದ್ಯುತ್ತು ಬೇಕು; ಅರವತ್ತು ವಾಟಿನದಕ್ಕೆ ೧೧೦ ಸಾಕು. ನಕ್ಷತ್ರಗಳುಳ್ಳ ಚೀಟಿಯಲ್ಲಿ ನಕ್ಷತ್ರಗಳನ್ನು ಮಾತ್ರ ಎಣಿಸದೆ ವರ್ಷದ ಯೂನಿಟ್ಟುಗಳನ್ನು ಓದಿರಿ. ೩೨ ಅಂಗುಲಕ್ಕಿಂತ ದೊಡ್ಡ ಟೀವಿಗಳ ಮೇಲೆ ಇದ್ದ ನೂರಕ್ಕೆ ೨೮ರ ಜಿ.ಎಸ್.ಟಿ.ಯು ೨೦೨೫ರ ಸೆಪ್ಟೆಂಬರ್ ೨೨ರಿಂದ ೧೮ಕ್ಕೆ ಇಳಿಯಿತು. ಆದರೆ ತೆರಿಗೆ ಇಳಿಯಿತೆಂಬುದು ಬೇಡದಷ್ಟು ದೊಡ್ಡದನ್ನು ಕೊಳ್ಳಲು ಕಾರಣವಾಗಬಾರದು. ಪೆಟ್ಟಿಗೆಯನ್ನು ತಂದವರ ಎದುರಿಗೇ ತೆರೆಸಿ, ತೆರೆಯನ್ನು ಪರೀಕ್ಷಿಸಿ, ಆಮೇಲೆ ರುಜು ಹಾಕಿ. ರಸೀದಿಯನ್ನೂ ಗ್ಯಾರಂಟಿ ಕಾಗದವನ್ನೂ ಒಟ್ಟಿಗೆ ಇಟ್ಟಿರಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ೧೯೧೫. ಗುಡುಗು ಸಿಡಿಲಿನ ಸೂಚನೆ ಕಂಡ ಕೂಡಲೆ ವಿದ್ಯುತ್ತಿನ ಪ್ಲಗ್ಗನ್ನೂ ಕೇಬಲ್ಲನ್ನೂ ಕೀಳುವ ಅಭ್ಯಾಸವು ಹೊಸದರ ಆಯುಸ್ಸನ್ನು ಕಾಯುವುದು.

ಹಳೆಯದನ್ನು ರಸ್ತೆಯ ಮೂಲೆಗೆ ಇಡಬೇಡಿ. ಹಿಂದಿನ ಕಾಲದ ಚಿತ್ರನಾಳದ ಗಾಜಿನಲ್ಲಿ ಸೀಸವಿರುವುದು, ಮೊದಲಿನ ಎಲ್.ಸಿ.ಡಿ. ಟೀವಿಗಳ ದೀಪಗಳಲ್ಲಿ ಪಾದರಸವಿರುವುದು. ಬಯಲಿನಲ್ಲಿ ಅದನ್ನು ಒಡೆದು ತಂತಿ ಸುಟ್ಟು ತಾಮ್ರ ತೆಗೆಯುವವರು ಆ ವಿಷವನ್ನು ತಾವೂ ಸೇವಿಸಿ ಮಣ್ಣಿಗೂ ಸೇರಿಸುತ್ತಾರೆ. ೨೦೨೩ರ ಏಪ್ರಿಲ್ ಒಂದರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಪುನರ್ಬಳಕೆಯ ಹೊಣೆಯನ್ನು ತಯಾರಕರ ಮೇಲೆ ಇಟ್ಟಿವೆ. ಹೊಸದನ್ನು ಕೊಳ್ಳುವಾಗಲೇ ಹಳೆಯದನ್ನು ಒಯ್ಯುವಿರಾ ಎಂದು ಕೇಳಿ. ಇಲ್ಲವಾದರೆ ನೋಂದಣಿಯಾದ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ.

ವಾಚಕರು ಅಂಗಡಿಗೆ ಹೊರಡುವುದಕ್ಕೆ ಮುಂಚೆ ಒಂದು ಚೀಟಿಯಲ್ಲಿ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಲಿ: ಕುರ್ಚಿಯಿಂದ ಗೋಡೆಗೆ ಎಷ್ಟು ಅಡಿ, ಮನೆಯಲ್ಲಿ ನಿತ್ಯ ನೋಡುವ ವಾಹಿನಿಗಳು ಯಾವುವು, ವ್ಯಯಿಸಬಹುದಾದ ಹಣವೆಷ್ಟು, ಮನೆಯ ಹಿರಿಯರು ಏನೆಂದರು. ನಾಲ್ಕನೆಯದಕ್ಕೆ ಉತ್ತರವನ್ನು ಊಹಿಸಿ ಬರೆಯದೆ, ಅವರ ಪಕ್ಕದಲ್ಲಿ ಕುಳಿತು ಕೇಳಿ ಬರೆಯುವುದು ಒಳ್ಳೆಯದು.