ಪಿಕಪ್ ಜಾಸ್ತಿ ಆಯ್ತು ಅಂದ್ರೆ, ಎಷ್ಟು ಜಾಸ್ತಿ?

ಹಾಸ್ಟೆಲ್ ಪಾರ್ಕಿಂಗಲ್ಲಿ ದಿನಾ ಕೇಳೋ ಮಾತು: "ಮಗಾ, ಸೈಲೆನ್ಸರ್ ಚೇಂಜ್ ಮಾಡಿಸ್ದೆ, ಪಿಕಪ್ ಸಕತ್ತಾಗಿದೆ." ಎಷ್ಟು ಸಕತ್ತು ಅಂತ ಯಾರೂ ಕೇಳಲ್ಲ. ಕೇಳಿದರೆ "ನೀನೇ ಓಡಿಸಿ ನೋಡು" ಅಂತ ಕೀ ಕೈಗೆ ಕೊಡ್ತಾರೆ. ಲ್ಯಾಬಲ್ಲಿ ವರ್ನಿಯರ್ ಹಿಡಿದು 0.02 ಮಿಲಿಮೀಟರ್ ತನಕ ಓದುವ ನಾವೇ ಬೈಕಿನ ವಿಷಯ ಬಂದರೆ ಕಿವಿಯಲ್ಲಿ ಅಳೀತೀವಿ. ನಂಬರ್ ಇಲ್ಲದೆ ಪಿಕಪ್ ಜಾಸ್ತಿ ಆಯ್ತು ಅಂತ ಹೇಳಬಾರದು, ಜೂನಿಯರ್‌ಗಳ ಹತ್ತಿರ ಅಂತೂ ಹೇಳಲೇಬಾರದು ಅನ್ನೋದು ನಮ್ಮ ಅಭಿಪ್ರಾಯ.

ಹಾಗಂತ ನಾವೇನೂ ಸಾಚಾ ಅಲ್ಲ. ನಾವು ಮೂವರು ರೂಮ್‌ಮೇಟ್ಸ್, ಮೂವರಿಗೂ ಸೇರಿ ಒಂದು 150 ಸಿಸಿ ಬೈಕು. ಕಳೆದ ಸೆಮಿಸ್ಟರ್ ಮೆಸ್ ರಿಫಂಡ್ ಬಂದಾಗ 4,800 ರೂಪಾಯಿ ಕೊಟ್ಟು ಸೈಲೆನ್ಸರ್ ಹಾಕಿಸಿದ್ವಿ. ಮೊದಲ ರೌಂಡಲ್ಲೇ ಬೈಕು ಹಾರ್ತಿದೆ ಅನ್ನಿಸ್ತು. ಎರಡು ತಿಂಗಳು ಇಡೀ ಫ್ಲೋರಿಗೆ ಹೇಳಿಕೊಂಡು ತಿರುಗಿದ್ವಿ. ನಮ್ಮ ಮಾತು ನಂಬಿ ಎದುರು ರೂಮಿನವನು ಮನೆಯಿಂದ ದುಡ್ಡು ತರಿಸಿ ಅದೇ ಸೈಲೆನ್ಸರ್ ಹಾಕಿಸಿದ. ಆಮೇಲೆ ಒಂದಿನ ಕೇಳಿದ, "ಲೋ, ನಂದು ಹಂಗೇ ಇದೆ ಅನ್ಸುತ್ತೆ. ನಿಮ್ದು ನಿಜವಾಗ್ಲೂ ಜಾಸ್ತಿ ಆಗಿದ್ಯಾ?" ನಮಗೆ ಉತ್ತರ ಗೊತ್ತಿರಲಿಲ್ಲ.

ಅಳೆಯೋಣ ಅಂತ ಕೂತಾಗ ಗೊತ್ತಾಗಿದ್ದು, ಸೊನ್ನೆಯಿಂದ 60ಕ್ಕೆ ಎಷ್ಟು ಸೆಕೆಂಡ್ ಅನ್ನೋ ಟೆಸ್ಟು ಬೈಕಿಗಿಂತ ಹೆಚ್ಚಾಗಿ ಓಡಿಸುವವನ ಎಡಗೈಯನ್ನು ಅಳೆಯುತ್ತೆ ಅಂತ. ಕ್ಲಚ್ ಹೇಗೆ ಬಿಟ್ಟ, ಗೇರ್ ಯಾವಾಗ ಹಾಕಿದ ಅನ್ನೋದರ ಮೇಲೆಯೇ ಅರ್ಧ ಸೆಕೆಂಡ್ ಹೋಗುತ್ತೆ. ಅದಕ್ಕೆ ಥರ್ಡ್ ಗೇರಲ್ಲೇ ಇಟ್ಟು, 30ರ ಕೆಳಗಿಂದ ಥ್ರಾಟಲ್ ಪೂರ್ತಿ ತಿರುಗಿಸಿ, 30ರಿಂದ 60ಕ್ಕೆ ಎಷ್ಟು ಹೊತ್ತು ಅಂತ ನೋಡಿದ್ವಿ. ಹ್ಯಾಂಡಲ್‌ಗೆ ಫೋನ್ ಕಟ್ಟಿ ಮೀಟರ್‌ನ ವಿಡಿಯೋ ಮಾಡಿ, ರೂಮಿಗೆ ಬಂದು ಫ್ರೇಮ್ ಎಣಿಸಿದ್ವಿ.

ರಸ್ತೆಯೂ ಸುಳ್ಳು ಹೇಳುತ್ತೆ. ನಮ್ಮ ಬೈಕು ಈ ಟೆಸ್ಟಲ್ಲಿ ಸೆಕೆಂಡಿಗೆ ಸುಮಾರು 1.7 ಮೀಟರ್ ಪರ್ ಸೆಕೆಂಡ್ ವೇಗ ಹೆಚ್ಚಿಸಿಕೊಳ್ಳುತ್ತೆ. (ಆಕ್ಸಿಲರೇಷನ್‌ಗೆ ಕನ್ನಡದಲ್ಲಿ ವೇಗೋತ್ಕರ್ಷ ಅಂತಾರೆ, ಕ್ಲಬ್ಬಿನವರು ಹೇಳಿಕೊಟ್ಟಿದ್ದು.) ನೂರು ಮೀಟರಿಗೆ ಒಂದೇ ಒಂದು ಮೀಟರ್ ಇಳಿಜಾರು ಇದ್ದರೂ ಗುರುತ್ವದಿಂದ 0.1 ಪುಕ್ಕಟೆ ಸಿಗುತ್ತೆ, ಅಂದರೆ ಹತ್ತಿರಹತ್ತಿರ 6%. ಅದು ಕಣ್ಣಿಗೆ ಕಾಣಲ್ಲ. ಹಾಗಾಗಿ ಪ್ರತಿ ಓಟವನ್ನೂ ಹೋಗ್ತಾ ಒಂದು, ಬರ್ತಾ ಒಂದು ಮಾಡಿ ಸರಾಸರಿ ತಗೋಬೇಕು. ಟ್ಯಾಂಕಲ್ಲಿ 12 ಲೀಟರ್ ಪೆಟ್ರೋಲ್ ತುಂಬಿದ್ದರೆ ಅದೇ 9 ಕೆಜಿ. ಬೈಕು, ಸವಾರ ಸೇರಿ 200 ಕೆಜಿ ಇರುವಾಗ 4.5% ಅಲ್ಲೇ ಹೋಯ್ತು. ಬೆಳಗ್ಗೆ 20 ಡಿಗ್ರಿ ಇದ್ದ ಗಾಳಿ ಮಧ್ಯಾಹ್ನ 33 ಆದರೆ 4% ತೆಳುವಾಗುತ್ತೆ. "ಫಿಲ್ಟರ್ ಹಾಕಿದಮೇಲೆ ಬೆಳಗ್ಗೆ ಓಡಿಸಿ ನೋಡಿದೆ, ಸೂಪರ್" ಅನ್ನುವವರು ಯಾವುದನ್ನು ಹೊಗಳ್ತಿದ್ದಾರೋ ದೇವರಿಗೇ ಗೊತ್ತು.

ಕಾಲೇಜಿನ ಹಿಂದೆ ಸೈಟ್ ಮಾರಾಟ ಆಗದೆ ಬಿದ್ದಿರೋ ಲೇಔಟ್ ಇದೆಯಲ್ಲ, ಅಲ್ಲಿ ಒಂದು ಭಾನುವಾರ ಬೆಳಗ್ಗೆ ಹೋದ್ವಿ. ಮಂಚದ ಕೆಳಗಿದ್ದ ಕಂಪನಿ ಸೈಲೆನ್ಸರ್ ಹಾಕಿ ಐದು ಓಟ, ಹೋಗಿ ಬಂದು ಸೇರಿ ಒಂದು ಓಟ. ಬಂದಿದ್ದು 5.3, 4.8, 5.2, 4.9, 5.1 ಸೆಕೆಂಡ್. ಸರಾಸರಿ 5.06. ಅಲ್ಲೇ ಸ್ಪ್ಯಾನರ್ ತೆಗೆದು ಹೊಸದನ್ನ ಹಾಕಿದ್ವಿ. 5.0, 5.2, 4.7, 5.1, 5.0. ಸರಾಸರಿ 5.00.

ನಮ್ಮಲ್ಲಿ ಒಬ್ಬ "ನೋಡಿದ್ರಾ, ಕಮ್ಮಿ ಆಯ್ತು!" ಅಂತ ಕುಣಿದ. ಕಮ್ಮಿ ಆಗಿದ್ದು 0.06 ಸೆಕೆಂಡ್. ಆದರೆ ಏನೂ ಬದಲಾಯಿಸದೆ ಓಡಿಸಿದಾಗಲೇ ಓಟದಿಂದ ಓಟಕ್ಕೆ ಅರ್ಧ ಸೆಕೆಂಡ್ ಹೆಚ್ಚುಕಮ್ಮಿ ಇತ್ತು. ಡಿಜಿಟಲ್ ಮೀಟರ್ 57 ತೋರಿಸಿ ನೇರ 61ಕ್ಕೆ ಹಾರುತ್ತೆ, ಅದರ ತಪ್ಪೇ 0.06ಕ್ಕಿಂತ ದೊಡ್ಡದು. 4,800 ರೂಪಾಯಿಗೆ ನಮಗೆ ಸಿಕ್ಕಿದ್ದು ಸೌಂಡು. ಲ್ಯಾಬ್ ರೆಕಾರ್ಡಲ್ಲಿ ಸೀನಿಯರ್ ನೋಡಿ ಕಾಪಿ ಮಾಡೋ 'ಪ್ಲಸ್ ಆರ್ ಮೈನಸ್' ಯಾಕಿರುತ್ತೆ ಅಂತ ನಮಗೆ ಅರ್ಥ ಆಗಿದ್ದು ಅವತ್ತೇ.

ಇನ್ನೊಂದು ಮಾತು ಮುಚ್ಚಿಡಬಾರದು. ಕೊನೆ ಓಟದಲ್ಲಿ ಕ್ರಾಸಿಂದ ಹಾಲಿನ ಕ್ಯಾನ್ ಕಟ್ಟಿಕೊಂಡ ಎಕ್ಸೆಲ್ ಒಂದು ಹೊರಗೆ ಬಂತು. ಬ್ರೇಕ್ ಹಿಡಿದು ನಿಲ್ಲಿಸಿದಾಗ ನಡುವೆ ಒಂದು ಆಳಿನಷ್ಟು ಜಾಗ ಇರಲಿಲ್ಲ. ಆ ಅಜ್ಜ ಬೈದಿದ್ದರೆ ವಾಸಿ ಇತ್ತು, ಬೈಯಲಿಲ್ಲ, ಸುಮ್ಮನೆ ನೋಡಿ ಹೋದರು. ಕ್ರಾಸಲ್ಲಿ ಒಬ್ಬನನ್ನ ನಿಲ್ಲಿಸದೆ ಮೂವರೂ ಫೋನ್ ಹಿಂದೆ ಬಿದ್ದಿದ್ದು ನಮ್ಮದೇ ತಪ್ಪು. ಇಂಥ ಟೆಸ್ಟು ಮಾಡಬೇಕಾದ್ದು ಡೈನೋ ಮೇಲೆ ಅಥವಾ ಟ್ರ್ಯಾಕಲ್ಲಿ. ರಾತ್ರಿ ರಿಂಗ್ ರೋಡಲ್ಲಿ ಟೈಮ್ ನೋಡ್ತೀವಿ ಅನ್ನೋ ಗುಂಪಿಗೂ ಇದನ್ನೇ ಹೇಳೋದು.

ಆದರೆ ಬುದ್ಧಿ ಪೂರ್ತಿ ಬಂದಿರಲಿಲ್ಲ. ಮುಂದಿನ ತಿಂಗಳು ಮುಂದಿನ ಸ್ಪ್ರಾಕೆಟ್ 15 ಹಲ್ಲಿಂದ 14ಕ್ಕೆ ಬದಲಾಯಿಸಿದ್ವಿ, ಈ ಸಲ ಕ್ರಾಸಲ್ಲಿ ಒಬ್ಬನನ್ನ ನಿಲ್ಲಿಸಿ ಅಳೆದ್ವಿ. 4.4 ಸೆಕೆಂಡ್! 13% ಕಮ್ಮಿ. ಪಾರ್ಟಿಯೂ ಆಯ್ತು. ಎರಡು ದಿನ ಆದಮೇಲೆ ಫೋನಿನ ಜಿಪಿಎಸ್ ಆನ್ ಮಾಡಿ ಒಂದೇ ವೇಗದಲ್ಲಿ ಹೋಗುವಾಗ ನೋಡಿದರೆ ಮೀಟರಲ್ಲಿ 60, ಜಿಪಿಎಸ್‌ನಲ್ಲಿ 56. ನಮ್ಮ ಬೈಕಿನ ಸ್ಪೀಡ್ ಸೆನ್ಸರ್ ಇರೋದು ಗೇರ್‌ಬಾಕ್ಸಲ್ಲಿ, ಚಕ್ರದಲ್ಲಲ್ಲ. ಸ್ಪ್ರಾಕೆಟ್ ಚಿಕ್ಕದಾಗಿದ್ದು ಅದಕ್ಕೆ ಗೊತ್ತೇ ಆಗಲ್ಲ. 60ರ ಹದಿನೈದನೇ ಹದಿನಾಲ್ಕು ಭಾಗ 56, ಲೆಕ್ಕ ಕರೆಕ್ಟಾಗಿ ಕೂತ್ಕೊಳ್ತು. ನಾವು ಅಳೆದಿದ್ದು 28ರಿಂದ 56ಕ್ಕೆ ಹೋಗೋ ಸಮಯ! ಚಕ್ರಕ್ಕೆ ಬರೋ ತಳ್ಳುವ ಬಲ 7% ಜಾಸ್ತಿ ಆಗಿದ್ದು ನಿಜ. ಉಳಿದ ಅರ್ಧ ಮೀಟರಿನ ಸುಳ್ಳು. ಅದೂ ಎಂಜಿನ್ನಿನ ಪವರ್ ಏನೂ ಹೆಚ್ಚಾಗಿದ್ದಲ್ಲ, ಅಷ್ಟೇ ಆರ್‌ಪಿಎಮ್‌ಗೆ ಟಾಪ್ ಗೇರಲ್ಲಿ ಮೊದಲಿಗಿಂತ ನಿಧಾನ ಹೋಗ್ತೀವಿ. ಊರಿಗೆ ಹೈವೇಲಿ ಹೋಗುವಾಗ ಎಂಜಿನ್ ಕಿರುಚೋದು ಕೇಳಿದರೆ ಬೇಜಾರಾಗುತ್ತೆ.

"ಆರ್‌ಎಕ್ಸ್ 100 ನೋಡ್ರೋ, 98 ಸಿಸಿಲಿ ಏನ್ ಪಿಕಪ್ಪು" ಅಂತ ಸೀನಿಯರ್ಸ್ ಹೇಳ್ತಾರೆ. ಅದರ ಸೌಂಡು ಎಲ್ಲರಿಗೂ ನೆನಪಿದೆ, ತೂಕ ಯಾರಿಗೂ ನೆನಪಿಲ್ಲ. 11 ಹಾರ್ಸ್‌ಪವರ್, ತೂಕ ಸುಮಾರು 100 ಕೆಜಿ. 60 ಕೆಜಿ ಸವಾರ ಕೂತರೆ 160. ಈಗಿನ 14 ಹಾರ್ಸ್‌ಪವರಿನ ಬೈಕು ಸವಾರನ ಜೊತೆ 200. ಭಾಗಿಸಿ ನೋಡಿ, ಎರಡೂ ಒಂದೇ. ತೂಕದ ವಿಷಯ ಬಂತು ಅಂತ ಹೇಳ್ತೀವಿ: ಹಿಂದೆ ಕೂತ 65 ಕೆಜಿ ಫ್ರೆಂಡನ್ನ ಇಳಿಸಿದರೆ 265 ಇದ್ದದ್ದು 200 ಆಗುತ್ತೆ, ಪಿಕಪ್ 30% ಜಾಸ್ತಿ. ಖರ್ಚು ಸೊನ್ನೆ. ಫ್ರೆಂಡ್‌ಶಿಪ್ ಲೆಕ್ಕ ಬೇರೆ.

"ನಂಬರ್ ಯಾಕೆ, ಫೀಲ್ ಸಾಕು" ಅನ್ನೋರು ಇದಾರೆ. ಫೀಲ್‌ಗೆ ನಮ್ಮ ವಿರೋಧ ಇಲ್ಲ. ಆದರೆ ಫೀಲ್‌ಗೆ ಅಂತ ಹಾಕಿಸಿ ಪಿಕಪ್‌ಗೆ ಅಂತ ಹೇಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬೇರೆ ಇದೆ, ಆರ್‌ಸಿಯಲ್ಲಿರೋ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. ರಾತ್ರಿ ಹನ್ನೊಂದಕ್ಕೆ ನಮ್ಮ ಸೌಂಡಿಗೆ ಎದ್ದು ಕೂರುತ್ತಿದ್ದ ಪಕ್ಕದ ಬೀದಿಯವರಿಗಂತೂ 0.06 ಸೆಕೆಂಡಿಂದ ಏನೂ ಲಾಭ ಇಲ್ಲ.

ಎದುರು ರೂಮಿನವನಿಗೆ ಶೀಟ್ ತೋರಿಸಿದ್ವಿ. ಎರಡು ಸಲ ಓದಿದ. "ಮೊದ್ಲೇ ಅಳೀಬಹುದಿತ್ತಲ್ರೋ" ಅಂದ, ಅಷ್ಟೇ. ಕಂಪನಿ ಸೈಲೆನ್ಸರ್ ಈಗ ನಮ್ಮ ಬೈಕಿಗೆ ವಾಪಸ್ ಬಂದಿದೆ. ಹೋದ ವಾರ ಒಬ್ಬ ಜೂನಿಯರ್ 3,000 ಹಿಡಿದುಕೊಂಡು ರೂಮಿಗೆ ಬಂದು, "ಅಣ್ಣಾ, ಪಿಕಪ್ ಎಷ್ಟು ಜಾಸ್ತಿ ಆಗುತ್ತೆ?" ಅಂದ. ಮೂವರೂ ಮುಖ ಮುಖ ನೋಡಿಕೊಂಡ್ವಿ. ಆಮೇಲೆ ಗೋಡೆಗೆ ಅಂಟಿಸಿದ್ದ ಶೀಟ್ ತೋರಿಸಿದ್ವಿ. ಅವನು ಥ್ಯಾಂಕ್ಸ್ ಹೇಳಿ, ದುಡ್ಡು ಜೇಬಿಗೆ ಹಾಕಿಕೊಂಡು ಹೋದ. ಸೈಲೆನ್ಸರ್ ಇನ್ನೂ ಮಂಚದ ಕೆಳಗೇ ಇದೆ.